ಗೋಡೆ ಹೊಟ್ಟೆ ಬಿಟ್ಟಾಗ

ಇಟಲಿಯ ಉತ್ತರದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡು, ವಾಲ್ತೆಲ್ಲೀನಾ ಎಂಬ ಕಣಿವೆ ಇದೆ. ಅದ್ದಾ ನದಿ ಅಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಕೋಮೋ ಸರೋವರ ಸೇರುತ್ತದೆ. ನದಿಯ ಬಲದಂಡೆಯ ಗುಡ್ಡವೆಲ್ಲ ದಕ್ಷಿಣಕ್ಕೆ ಮುಖ ಮಾಡಿದೆ. ಸೋಂದ್ರಿಯೋ ಪಟ್ಟಣದಲ್ಲಿ ನಿಂತು ತಲೆ ಎತ್ತಿದರೆ ಕಲ್ಲಿನ ಮೆಟ್ಟಿಲ ಮೇಲೆ ಮೆಟ್ಟಿಲು, ಒಂದೊಂದು ಮೆಟ್ಟಿಲಿನ ಮೇಲೂ ಕೆಲವೇ ಸಾಲು ದ್ರಾಕ್ಷಿ ಕಾಣುತ್ತದೆ. ಮಣ್ಣು ಮತ್ತು ನೀರಿನ ಸಂರಕ್ಷಣೆ ನನ್ನ ವೃತ್ತಿ. ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಕಲ್ಲುಗೋಡೆ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ನನ್ನನ್ನು ತೋಟಕ್ಕೆ ಕರೆದೊಯ್ದರು. ಬಳ್ಳಿಗಳನ್ನು ದಾಟಿಸಿ, ಒಂದು ಗೋಡೆಯ ಎದುರು ನಿಲ್ಲಿಸಿ, ‘ಇದಕ್ಕೆ ಹೊಟ್ಟೆ ಬಂದಿದೆ. ಇನ್ನೊಂದು ಜೋರು ಮಳೆಯನ್ನು ಇದು ತಡೆಯುವುದಿಲ್ಲ’ ಎಂದರು.

ಮಲೆನಾಡಿನಲ್ಲಿ ಬೆಳೆದ ನನಗೆ ಆ ಮಾತಿಗೆ ಅರ್ಥ ಹೇಳಬೇಕಿರಲಿಲ್ಲ. ಗೋಡೆ ಹೊಟ್ಟೆ ಬಿಟ್ಟಿದೆ ಎಂದು ನಾವೂ ಹೇಳುತ್ತೇವೆ. ಇಟಾಲಿಯನ್ನರೂ ಆ ಉಬ್ಬನ್ನು ‘ಪಾಂಚಾ’ ಎನ್ನುತ್ತಾರೆ, ಹೊಟ್ಟೆ ಎಂದೇ ಅರ್ಥ. ಈ ತೋಟಗಳ ವೈನ್ ಕುರಿತು ಬರೆಯುವವರು ಬಹಳ ಜನರಿದ್ದಾರೆ. ನಾನು ಗೋಡೆಯ ಕುರಿತು ಬರೆಯುತ್ತೇನೆ, ಏಕೆಂದರೆ ಅಲ್ಲಿಯ ರೈತ ಮೊದಲು ಸಾಕಬೇಕಾದದ್ದು ಗೋಡೆಯನ್ನು.

ಬಯಲು ಬಿಟ್ಟು ಇಂಥ ಗುಡ್ಡ ಹತ್ತಿದ್ದೇಕೆ? ಬಿಸಿಲಿಗಾಗಿ. ವಾಲ್ತೆಲ್ಲೀನಾ ಇರುವುದು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಕ್ಯಾವೆನ್ನಾಸ್ಕಾ ಎಂದು ಕರೆಯುವ ನೆಬ್ಬಿಯೋಲೋ ದ್ರಾಕ್ಷಿ ತಡವಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಾಗುತ್ತದೆ. ಆಗ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 36 ಡಿಗ್ರಿಯಷ್ಟೇ ಮೇಲಿರುತ್ತಾನೆ. ಸಮತಟ್ಟು ನೆಲಕ್ಕೆ ಓರೆಯಾಗಿ ಬೀಳುವ ಆ ಬಿಸಿಲು, ದಕ್ಷಿಣಕ್ಕೆ ವಾಲಿದ ಕಡಿದಾದ ಗುಡ್ಡಕ್ಕೆ ಬಹುಮಟ್ಟಿಗೆ ನೇರವಾಗಿ ತಾಗುತ್ತದೆ. ಶೇ 50ರ ಇಳಿಜಾರಿಗೆ ಲೆಕ್ಕ ಹಾಕಿದರೆ ನೇರ ಬಿಸಿಲು ಬಯಲಿಗಿಂತ ಸುಮಾರು ಒಂದೂವರೆ ಪಟ್ಟು. ಕಲ್ಲುಗೋಡೆ ಹಗಲಿಡೀ ಕಾಯ್ದು, ರಾತ್ರಿ ಆ ಕಾವನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ಆಲ್ಪ್ಸ್ ಉತ್ತರದ ಕುಳಿರ್ಗಾಳಿಯನ್ನು ತಡೆಯುತ್ತದೆ. ಸರೋವರದ ಕಡೆಯಿಂದ ಬೀಸುವ ‘ಬ್ರೇವಾ’ ಗಾಳಿ ಎಲೆಗಳ ತೇವ ಆರಿಸಿ ಬೂಜು ಹಿಡಿಯುವುದನ್ನು ಕಡಿಮೆ ಮಾಡುತ್ತದೆ. ಅಲ್ಲಿಯ ಒಂದು ದ್ರಾಕ್ಷಿ ಭಾಗಕ್ಕೆ ‘ಇನ್‌ಫೆರ್ನೋ’, ಅಂದರೆ ನರಕ, ಎಂದು ಹೆಸರು. ಬೇಸಿಗೆಯಲ್ಲಿ ಆ ಗೋಡೆಗಳ ನಡುವೆ ಅರ್ಧ ದಿನ ಅಳತೆಪಟ್ಟಿ ಹಿಡಿದು ನಿಂತವರಿಗೆ ಹೆಸರು ತಕ್ಕದ್ದೇ ಎನ್ನಿಸುತ್ತದೆ.

ಬಿಸಿಲು ಸಿಕ್ಕಿತು, ಮಣ್ಣು ಇರಲಿಲ್ಲ. ಬರಿ ಬಂಡೆಯ ಮೇಲೆ ಹಿಂದಿನವರು ಗೋಡೆ ಕಟ್ಟಿದರು, ಕೆಳಗಿನ ಮಣ್ಣನ್ನು ‘ಜೆರ್ಲಾ’ ಎಂಬ ಬೆನ್ನುಬುಟ್ಟಿಯಲ್ಲಿ ಹೊತ್ತು ತಂದು ಗೋಡೆಯ ಹಿಂದೆ ತುಂಬಿದರು. ಮಳೆಗೆ ಕೊಚ್ಚಿಹೋದ ಮಣ್ಣನ್ನು ಮತ್ತೆ ಹೊತ್ತು ತಂದರು. ಹೀಗೆ ನಿಂತ ಗೋಡೆಗಳ ಒಟ್ಟು ಉದ್ದ ಸುಮಾರು 2,500 ಕಿಲೋಮೀಟರ್ ಎಂದು ಆ ಕಣಿವೆಯವರು ಲೆಕ್ಕ ಹೇಳುತ್ತಾರೆ.

ಈ ಗೋಡೆಗಳಿಗೆ ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು, ತೂಕದಿಂದ ಮತ್ತು ಒಂದಕ್ಕೊಂದು ಉಜ್ಜಿ ಹಿಡಿಯುವ ಬಿಗಿಯಿಂದ ನಿಲ್ಲುತ್ತವೆ. ಬುಡ ಅಗಲ, ತಲೆ ಕಿರಿದು, ಮುಖ ಗುಡ್ಡದ ಕಡೆಗೆ ಸ್ವಲ್ಪ ವಾಲಿರಬೇಕು. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಬರಬಾರದು. ಅಲ್ಲಲ್ಲಿ ಒಂದು ಉದ್ದ ಕಲ್ಲು ಗುಡ್ಡದೊಳಕ್ಕೆ ಚಾಚಿ ಗೋಡೆಯನ್ನು ಮಣ್ಣಿಗೆ ಕಟ್ಟಿಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದ ಭಾಗ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಮುಖದ ಕಲ್ಲಿಗೂ ಹಿಂದಿನ ಮಣ್ಣಿಗೂ ನಡುವೆ ಚೂರುಗಲ್ಲು ತುಂಬಿದ ಒಂದು ಪದರ ಇರುತ್ತದೆ. ಮಳೆನೀರು ಆ ಪದರದೊಳಗೆ ಇಳಿದು, ಸಂದುಗಳಿಂದ ಹೊರಗೆ ಬಸಿಯುತ್ತದೆ. ನಮ್ಮ ಅಡಿಕೆ ತೋಟದ ಬಸಿಗಾಲುವೆ ಮಾಡುವ ಕೆಲಸವನ್ನು ಇಲ್ಲಿ ಗೋಡೆಯ ಬೆನ್ನು ಮಾಡುತ್ತದೆ.

ಆ ಪದರದಲ್ಲಿ ಮಣ್ಣು ಕಟ್ಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನೂ ನೀರೊಂದೇ ಸುಮಾರು ಎರಡು ಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ. ಅಷ್ಟೇ ಉದ್ದದ, ಅರವತ್ತು ಸೆಂಟಿಮೀಟರ್ ದಪ್ಪದ ಗೋಡೆಯ ಸ್ವಂತ ತೂಕವೂ ಹೆಚ್ಚುಕಡಿಮೆ ಅಷ್ಟೇ. ಮಣ್ಣಿನ ಒತ್ತಡ ಇದರ ಮೇಲೆ ಬೇರೆ. ಗೋಡೆ ಮೊದಲು ನಡುವಿನಲ್ಲಿ ಉಬ್ಬುತ್ತದೆ, ಆಮೇಲೆ ಬೀಳುತ್ತದೆ. ಬಿದ್ದ ಗೋಡೆಯ ಮಣ್ಣು ಕೆಳಗಿನ ಗೋಡೆಯ ತಲೆಯ ಮೇಲೆ ಕೂರುತ್ತದೆ.

ಮೇಸ್ತ್ರಿ ತೋರಿಸಿದ ಗೋಡೆಯ ಪಕ್ಕದ ತುಂಡನ್ನು ಹಿಂದೊಮ್ಮೆ ಯಾರೋ ಸಿಮೆಂಟ್ ಹಾಕಿ ಸರಿಪಡಿಸಿದ್ದರು. ಗಟ್ಟಿಮುಟ್ಟಾಗಿಯೇ ಇತ್ತು. ಬಿಟ್ಟಿದ್ದ ತೂತುಗಳು ಬೇರು ಮತ್ತು ಕೆಸರಿನಿಂದ ಮುಚ್ಚಿಹೋಗಿದ್ದವು. ಮೇಸ್ತ್ರಿ ಮೇಲಿನ ಪಾತಿಗೆ ಒಂದು ಕೊಡ ನೀರು ಸುರಿದು, ಕೆಳಗಿಳಿದು, ಬರಿಗಲ್ಲಿನ ಗೋಡೆಯ ಬುಡಕ್ಕೆ ಅಂಗೈ ಇಟ್ಟು ಕಾದರು. ಸ್ವಲ್ಪ ಹೊತ್ತಿಗೆ ಕೈ ತೇವವಾಯಿತು. ಸಿಮೆಂಟಿನ ಗೋಡೆಯ ಬುಡ ಒಣಗಿಯೇ ಉಳಿಯಿತು. ಅಲ್ಲಿ ಹೊರಬರಲಾಗದ ನೀರು ಅಡ್ಡಕ್ಕೆ ಸರಿದು ಪಕ್ಕದ ಗೋಡೆಗೆ ಹೊಟ್ಟೆ ಬರಿಸಿತ್ತು. ಕಾಂಕ್ರೀಟ್ ತಡೆಗೋಡೆಗಳ ವಿನ್ಯಾಸದಲ್ಲಿ ವರ್ಷಗಳನ್ನು ಕಳೆದಿದ್ದ ನಾನು ಅಂದು ನನ್ನ ನಕ್ಷೆಗಳನ್ನು ಮತ್ತೆ ತೆಗೆದು ನೋಡಿದೆ. ಇಂದಿಗೂ ಇಳಿಜಾರಿನ ಕೆಲಸಕ್ಕೆ ಹೋದರೆ ನೀರು ಎಲ್ಲಿಂದ ಹೊರಬರುತ್ತದೆ ಎಂದು ಕೇಳಿದ ಮೇಲೆಯೇ ಉಳಿದ ಮಾತು.

ಇದು ತೋಟದ ಮಾಲೀಕನೊಬ್ಬನ ನಷ್ಟದ ವಿಷಯವಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 1983ರ ಮೇ ತಿಂಗಳಲ್ಲಿ ಇದೇ ಕಣಿವೆಯ ತ್ರೆಸೆಂದಾ ಎಂಬ ಊರಿನ ಮೇಲಿದ್ದ ದ್ರಾಕ್ಷಿ ಮೆಟ್ಟಿಲುಗಳು ಬಿಡದೆ ಸುರಿದ ಮಳೆಗೆ ಕುಸಿದವು. ಮೇಲಿನಿಂದ ಇಳಿದ ಕೆಸರು ಹದಿನೆಂಟು ಜನರನ್ನು ಕೊಂದಿತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ ಸುದ್ದಿ ಓದುವಾಗ ನನಗೆ ನೆನಪಾದದ್ದು ಆ ಊರು.

ಹಾಗಾದರೆ ಗೋಡೆಯನ್ನು ಚೆನ್ನಾಗಿಟ್ಟುಕೊಂಡರೆ ಆಯಿತಲ್ಲ ಎನ್ನಬಹುದು. ಎಷ್ಟು ಗೋಡೆ ಎಂದು ನೋಡೋಣ. ನೂರು ಮೀಟರ್ ಉದ್ದಗಲದ ಒಂದು ಹೆಕ್ಟೇರ್, ಶೇ 50ರ ಇಳಿಜಾರು ಎಂದರೆ ಕೆಳಗಿನಿಂದ ಮೇಲಕ್ಕೆ ಐವತ್ತು ಮೀಟರ್ ಏರು. ಅದರಲ್ಲಿ ಅರ್ಧವನ್ನು ಪಾತಿಗಳ ವಾಲುವಿಕೆಗೆ ಬಿಟ್ಟರೂ ಉಳಿದ ಇಪ್ಪತ್ತೈದು ಮೀಟರ್ ಗೋಡೆಯೇ, ಅಂದರೆ 2,500 ಚದರ ಮೀಟರ್ ಕಲ್ಲಿನ ಮುಖ. ನೂರರಲ್ಲಿ ಒಂದು ಪಾಲು ವರ್ಷಕ್ಕೆ ಕೆಡುತ್ತದೆ ಎಂದುಕೊಂಡರೆ 25 ಚದರ ಮೀಟರ್. ಪಳಗಿದ ಮೇಸ್ತ್ರಿಯೊಬ್ಬರು ದಿನಕ್ಕೆ ಕಟ್ಟುವುದು ಎರಡು ಮೂರು ಚದರ ಮೀಟರ್. ಎಲ್ಲವೂ ನೆಟ್ಟಗೆ ನಡೆದರೂ ಹತ್ತು ದಿನದ ಕೂಲಿ ಬರಿ ಗೋಡೆಗೆ ಹೋಯಿತು. ಚಾಟ್ನಿ, ಅಂದರೆ ಬಳ್ಳಿ ಸವರುವುದು, ಬಳ್ಳಿ ಕಟ್ಟುವುದು, ಔಷಧಿ, ಕಳೆ, ಕೊಯ್ಲು, ಎಲ್ಲವೂ ಕೈಕೆಲಸ. ಹೆಕ್ಟೇರಿಗೆ ವರ್ಷಕ್ಕೆ ಸಾವಿರ ಗಂಟೆ ದಾಟುತ್ತದೆ. ಯಂತ್ರ ಓಡಾಡುವ ಬಯಲು ತೋಟಕ್ಕೆ ಅದರ ಸಣ್ಣ ಪಾಲು ಸಾಕು. ವಿಜಯಪುರದ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಇಲ್ಲಿ ಚಳಿಗೆ ಬಳ್ಳಿ ಮಲಗುವುದರಿಂದ ಒಂದೇ ಸಲ. ಆದರೂ ಆ ಒಂದು ಚಾಟ್ನಿಗೆ ಎಷ್ಟು ಮೆಟ್ಟಿಲು ಹತ್ತಿ ಇಳಿಯಬೇಕು!

ಇಂಥ ಕೃಷಿಗೆ ಇಟಲಿಯಲ್ಲಿ ‘ವೀರೋಚಿತ ದ್ರಾಕ್ಷಿ ಕೃಷಿ’ ಎಂಬ ಹೆಸರಿದೆ. ಅವೊಸ್ತಾ ಕಣಿವೆಯಲ್ಲಿರುವ ಚೆರ್ವಿಮ್ ಎಂಬ ಗುಡ್ಡಗಾಡು ದ್ರಾಕ್ಷಿ ಕೃಷಿ ಕೇಂದ್ರ 1987ರಿಂದ ಇದಕ್ಕಾಗಿಯೇ ಕೆಲಸ ಮಾಡುತ್ತಿದೆ. ಶೇ 30ಕ್ಕಿಂತ ಹೆಚ್ಚಿನ ಇಳಿಜಾರು, 500 ಮೀಟರ್ ಮೀರಿದ ಎತ್ತರ, ಮೆಟ್ಟಿಲು ತೋಟ, ಸಣ್ಣ ದ್ವೀಪ ಎಂಬ ಅಳತೆಗೋಲುಗಳನ್ನು ಹಾಕಿಕೊಟ್ಟದ್ದು ಆ ಕೇಂದ್ರ. 2016ರ ವೈನ್ ಕಾನೂನು ಇಂಥ ತೋಟಗಳನ್ನು ಉಳಿಸುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿತು. 2018ರಲ್ಲಿ ಯುನೆಸ್ಕೋ ಗಾರೆಯಿಲ್ಲದ ಕಲ್ಲುಗೋಡೆಯ ಕಸುಬನ್ನು ಇಟಲಿ ಸೇರಿ ಎಂಟು ದೇಶಗಳ ಪರಂಪರೆಯಾಗಿ ಗುರುತಿಸಿತು. ವೀರ ಎಂಬ ಪದ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ವೀರನಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಮೇಸ್ತ್ರಿಗೆ ಕೂಲಿ ಕೊಡಬೇಕು.

ಆ ಕೂಲಿ ಕೊನೆಗೆ ಬಾಟಲಿಯ ಬೆಲೆಯಿಂದಲೇ ಹುಟ್ಟಬೇಕು. ವಾಲ್ತೆಲ್ಲೀನಾದವರು ಕಂಡುಕೊಂಡ ಒಂದು ದಾರಿ ‘ಸ್ಫೋರ್ಜಾತೋ’. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ ಹರಡಿ ಚಳಿಗಾಲದವರೆಗೆ ಬಾಡಿಸಿ, ಸಕ್ಕರೆ ಗಟ್ಟಿಯಾದ ಮೇಲೆ ವೈನ್ ಮಾಡುತ್ತಾರೆ. ವಿಜಯಪುರದ ಒಣದ್ರಾಕ್ಷಿ ಶೆಡ್ಡು ಕಂಡವರಿಗೆ ಆ ಅಟ್ಟದ ಚಿತ್ರ ಸುಲಭವಾಗಿ ಮೂಡುತ್ತದೆ. ನಮ್ಮಲ್ಲಿ ದ್ರಾವಣದಲ್ಲಿ ಅದ್ದಿ ಎರಡು ವಾರದ ಆಸುಪಾಸಿನಲ್ಲಿ ಮುಗಿಸುವ ಕೆಲಸಕ್ಕೆ ಅಲ್ಲಿ ತಿಂಗಳುಗಳೇ ಬೇಕು, ಅದೂ ಪೂರ್ತಿ ಒಣಗಿಸದೆ. ತೂಕ ಕಳೆದುಕೊಂಡ ಹಣ್ಣು ಬೆಲೆ ಪಡೆಯುತ್ತದೆ. ಇದಕ್ಕೆ 2003ರಲ್ಲಿ ಇಟಲಿಯ ಅತ್ಯುನ್ನತ ಮೂಲಸ್ಥಾನ ಮಾನ್ಯತೆ ಸಿಕ್ಕಿತು.

ಹೊರುವ ಕಷ್ಟವೂ ಒಂದಿಷ್ಟು ತಗ್ಗಿದೆ. ಇಟಲಿಯ ವಾಯವ್ಯ ಕರಾವಳಿಯಲ್ಲಿ ಸಮುದ್ರಕ್ಕೆ ನೇರವಾಗಿ ಇಳಿಯುವ ಚಿಂಕ್ವೆ ತೆರ್ರೆಯ ತೋಟಗಳಲ್ಲಿ ಹಲ್ಲುಕಂಬಿಯ ಒಂಟಿಹಳಿ ಗಾಡಿ ಏದುಸಿರು ಬಿಡುತ್ತಾ ಕ್ರೇಟುಗಳನ್ನು ಹೊತ್ತೊಯ್ಯುತ್ತದೆ. ವಾಲ್ತೆಲ್ಲೀನಾದ ಕೆಲವೆಡೆ ಕೊಯ್ಲಿಗೆ ಹೆಲಿಕಾಪ್ಟರ್ ಬರುತ್ತದೆ. ಆದರೆ ಗೋಡೆ ಕಟ್ಟುವ ಯಂತ್ರ ಇನ್ನೂ ಬಂದಿಲ್ಲ.

ಯಂತ್ರಕ್ಕಿಂತ ದೊಡ್ಡ ತೊಡಕು ಒಡೆತನ. ತಲೆಮಾರುಗಳ ಪಾಲಾಗಿ ತೋಟಗಳು ಚೂರುಚೂರಾಗಿವೆ. ಒಬ್ಬರು ಬಿಟ್ಟುಹೋದ ಪಾತಿಯ ಗೋಡೆ ಬಿದ್ದರೆ ಪೆಟ್ಟು ಕೆಳಗೆ ದುಡಿಯುತ್ತಿರುವವರಿಗೆ. ಪಾಳು ಬಿದ್ದ ಮೊದಲ ವರ್ಷಗಳು ಬಹಳ ಅಪಾಯದವು. ಕಾಲುವೆ ಬಿಡಿಸುವವರಿಲ್ಲ, ಗೋಡೆಯ ಸಂದಿಗೆ ಬೇರು ಇಳಿಯುತ್ತದೆ, ಮಣ್ಣನ್ನು ಹಿಡಿಯುವಂಥ ಕಾಡು ಇನ್ನೂ ಬೆಳೆದಿರುವುದಿಲ್ಲ. ಚಿಂಕ್ವೆ ತೆರ್ರೆಗೆ 1997ರಲ್ಲೇ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತ್ತು. 2011ರ ಅಕ್ಟೋಬರ್ 25ರ ಮಳೆಗೆ ಅಲ್ಲಿಯ ವೆರ್ನಾತ್ಸಾ ಮತ್ತು ಮೊಂತೆರೊಸ್ಸೋ ಊರುಗಳ ಬೀದಿಗಳು ಕೆಸರು ಕಲ್ಲಿನಲ್ಲಿ ಹೂತುಹೋದವು. ಅಲ್ಲಿ ನಡೆದಾಡಲು ಹೋಗುವ ಕನ್ನಡಿಗರು ಈಗ ಬಹಳ ಜನರಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಫೋಟೋಗಾಗಿ ಗೋಡೆಯ ಮೇಲೆ ಹತ್ತಬೇಡಿ. ತಲೆಯ ಒಂದು ಕಲ್ಲು ಉರುಳಿದರೆ ಮಳೆನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಮೇಸ್ತ್ರಿ ತೋರಿಸಿದ ಆ ಹೊಟ್ಟೆ ಬಿಟ್ಟ ಗೋಡೆ ಮೂವರು ವಾರಸುದಾರರದು. ಇಬ್ಬರು ಕಣಿವೆಯಲ್ಲೇ ಇದ್ದರು, ಮೂರನೆಯವರು ಅರ್ಜೆಂಟೀನಾದಲ್ಲಿ. ಅವರ ಒಪ್ಪಿಗೆ ಪತ್ರ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ತುದಿಯ ನಾಲ್ಕು ಮೀಟರ್ ಬಿದ್ದೇಹೋಯಿತು. ಪತ್ರ ಬಂದ ವಾರ ನಾನು ಹೋದಾಗ ಕೊಯ್ಲು ಮುಗಿದಿತ್ತು. ಮೇಸ್ತ್ರಿ ಬಿದ್ದ ಕಲ್ಲುಗಳನ್ನು ಆಗಲೇ ವಿಂಗಡಿಸಿದ್ದರು: ಬುಡಕ್ಕೆ ದೊಡ್ಡವು, ಒಳಕ್ಕೆ ಚಾಚಲು ಉದ್ದವು, ತಲೆಗೆ ಚಪ್ಪಟೆಯವು. ಬೆನ್ನಿಗೆ ತುಂಬುವ ಚೂರುಗಲ್ಲಿನ ರಾಶಿ ಎಲ್ಲಕ್ಕಿಂತ ದೊಡ್ಡದಾಗಿತ್ತು.