ಜೇನುತುಪ್ಪ: ಈ ಪದದಲ್ಲಿ ತುಪ್ಪಕ್ಕೇನು ಕೆಲಸ?

ಶಿರಸಿ ಹತ್ತಿರದ ಅತ್ತೆ ಮನೆಯಲ್ಲಿ ಬೆಳಗ್ಗೆ ತಿಂಡಿಗೆ ಕೂತಿದ್ದೆ. ಬಾಳೆಲೆ ಮೇಲೆ ಬಿಸಿ ಬಿಸಿ ತೆಳ್ಳೇವು, ಅಂದರೆ ತೆಳ್ಳನೆ ದೋಸೆ. ‘ತುಪ್ಪ ಹಾಕ್ಲಾ?’ ಅಂದರು ಅತ್ತೆ. ‘ಹಾಕಿ’ ಅಂದೆ. ಬಿದ್ದದ್ದು ಜೇನುತುಪ್ಪ. ನನ್ನ ಮುಖ ನೋಡಿ, ‘ಅದೂ ಇದ್ದು, ತಗ’ ಅಂತ ಒಂದು ಚಮಚ ಹಸುವಿನ ತುಪ್ಪವನ್ನೂ ಅದರ ಮೇಲೆಯೇ ಸುರಿದರು.

ಜೇನು ಸಾಕುವ ಮನೆಗಳಲ್ಲಿ ಹೀಗೇ. ‘ಈ ಸಲ ತುಪ್ಪ ಎಷ್ಟಾಯ್ತು?’ ಅಂದರೆ ಅದು ಕೊಟ್ಟಿಗೆಯ ಮಾತಲ್ಲ, ಅಂಗಳದಂಚಿನ ಪೆಟ್ಟಿಗೆಯ ಮಾತು.

ಕನ್ನಡದಲ್ಲಿ ‘ಜೇನು’ ಅನ್ನುವ ಒಂದೇ ಪದಕ್ಕೆ ಕೆಲಸ ಜಾಸ್ತಿ. ಜೇನು ಕಚ್ಚಿತು ಅಂದರೆ ಹುಳ. ಜೇನು ನೆಕ್ಕಿದೆ ಅಂದರೆ ಸಿಹಿ. ಮರದಲ್ಲಿ ಜೇನು ಕಟ್ಟಿದೆ ಅಂದರೆ ಗೂಡು. ತಮಿಳು, ಮಲಯಾಳಂನ ತೇನ್, ತೆಲುಗಿನ ತೇನೆ ಇದರ ಒಡಹುಟ್ಟುಗಳು. ಹುಳವನ್ನೇ ಬಿಡಿಸಿ ಹೇಳಬೇಕಾದರೆ ಜೇನುನೊಣ ಅನ್ನುತ್ತೇವೆ. ಸಿಹಿಯನ್ನು ಬಿಡಿಸಿ ಹೇಳಬೇಕಾದರೆ ಜೇನುತುಪ್ಪ. ಜೇನುರಸ ಅನ್ನಬಹುದಿತ್ತು, ಜೇನುಪಾಕ ಅನ್ನಬಹುದಿತ್ತು. ಆದರೆ ಬಾಯಲ್ಲಿ ನಿಂತದ್ದು ತುಪ್ಪ. ಬಣ್ಣ, ಚಮಚದಿಂದ ಇಳಿಯುವ ಹದ ನೋಡಿದರೇ ಹೆಸರು ಸರಿ ಅನ್ನಿಸುತ್ತದೆ. ಜೇನು ಅದನ್ನು ಹೇಗೆ ಮಾಡುತ್ತದೆ ಅಂತ ನೋಡಿದರೆ ಇನ್ನೂ ಸರಿ ಅನ್ನಿಸುತ್ತದೆ.

ಹಾಲು ಕರೆದ ಕೂಡಲೇ ತುಪ್ಪ ಸಿಗುವುದಿಲ್ಲ, ಅಲ್ವಾ? ಬೆಣ್ಣೆ ಕಡೆದು, ಒಲೆ ಮೇಲಿಟ್ಟು, ಅದರಲ್ಲಿರುವ ನೀರನ್ನೆಲ್ಲ ಆರಿಸಬೇಕು. ಚಟಪಟ ಸದ್ದು ನಿಂತ ಮೇಲೆ ತುಪ್ಪ. ನೀರು ಹೋಗಿರುವುದರಿಂದಲೇ ಅದು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ. ಜೇನುತುಪ್ಪವೂ ಹಾಗೆಯೇ ಹೂವಿನಲ್ಲಿ ತಯಾರಾಗಿ ಕೂತಿರುವುದಿಲ್ಲ. ‘ಜೇನುನೊಣ ಹೂವಿನಿಂದ ಜೇನು ತರುತ್ತದೆ’ ಅಂತ ಮಕ್ಕಳಿಗೆ ಹೇಳುತ್ತೇವಲ್ಲ, ಅದು ಹಸು ತುಪ್ಪ ಕೊಡುತ್ತದೆ ಅಂದ ಹಾಗೆ. ಹೂವಿನಲ್ಲಿರುವುದು ಮಕರಂದ. ತೆಳ್ಳಗಿನ ಸಕ್ಕರೆ ನೀರು ಅಂದುಕೊಳ್ಳಿ. ನೂರು ಪಾಲಿನಲ್ಲಿ ಎಪ್ಪತ್ತು ಎಂಬತ್ತು ಪಾಲು ನೀರೇ ಇರುವುದೂ ಉಂಟು. ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಹುಳಿಯುತ್ತದೆ.

ಮಕರಂದ ಹೂವಿನಲ್ಲೇ ಇರಬೇಕು ಅಂತಲೂ ಇಲ್ಲ. ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳಲ್ಲಿ ಜೇನು ಪೆಟ್ಟಿಗೆ ಇಟ್ಟಿರುತ್ತಾರೆ. ರಬ್ಬರ್ ಮರ ಎಲೆ ಉದುರಿಸಿ ಹೊಸದಾಗಿ ಚಿಗುರುವಾಗ, ಮೂರು ಎಲೆಗಳು ತೊಟ್ಟಿಗೆ ಕೂಡುವ ಜಾಗದಲ್ಲಿ ಸಿಹಿ ಒಸರುತ್ತದೆ. ಜೇನು ಹೀರುವುದು ಅದನ್ನು. ಅಲ್ಲಿನ ಬಾಟಲಿಯ ಮೇಲೆ ಹೂವಿನ ಚಿತ್ರ ಇದ್ದರೂ ಒಳಗಿರುವುದು ಬಹುಪಾಲು ಎಲೆಯ ಜೇನು!

ಸರಿ, ಹೊರಗೆ ಹೋದ ಕೆಲಸಗಾರ ನೊಣ ಮಕರಂದ ಹೀರಿತು. ಅದರ ಹೊಟ್ಟೆಯಲ್ಲಿ ಇದಕ್ಕೆಂದೇ ಬೇರೆ ಚೀಲ ಇದೆ. ಊಟ ಜೀರ್ಣವಾಗುವ ಜಾಗ ಅದರ ಹಿಂದೆ. ನಡುವೆ ಒಂದು ಕವಾಟ. ನೊಣಕ್ಕೆ ಹಸಿವಾದಾಗ ಮಾತ್ರ ಸ್ವಲ್ಪ ಒಳಗೆ ಬಿಡುತ್ತದೆ, ಒಳಗೆ ಹೋದದ್ದನ್ನು ವಾಪಸ್ ಬಿಡುವುದಿಲ್ಲ. ‘ಜೇನು ಅಂದರೆ ನೊಣದ ವಾಂತಿ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತಿಗೆ ಇಷ್ಟೇ ಉತ್ತರ: ಅದು ಜೀರ್ಣದ ಹೊಟ್ಟೆಗೆ ಹೋಗಿಯೇ ಇರುವುದಿಲ್ಲ. ಹಾಲಿನ ಕ್ಯಾನ್ ಹೊತ್ತು ಡೈರಿಗೆ ಹೋದವರು ಹಾಲು ಕುಡಿದ ಹಾಗಾಯಿತೇ?

ಗೂಡಿಗೆ ಬಂದ ನೊಣ ತಂದದ್ದನ್ನು ತಾನೇ ಎರಿಗೆ, ಅಂದರೆ ಮೇಣದಿಂದ ಕಟ್ಟಿದ ಕೋಣೆಗಳ ಹಲಗೆಗೆ, ತುಂಬುವುದು ಕಡಿಮೆ. ಬಾಗಿಲ ಹತ್ತಿರವೇ ಒಳಗಿನ ಎಳೆಯ ನೊಣಗಳು ಕಾದಿರುತ್ತವೆ. ಬಾಯಿಂದ ಬಾಯಿಗೆ ದಾಟಿಸಿ ಇದು ಮತ್ತೆ ಹಾರಿತು. ಅಡಿಗೆ ಶುರುವಾಗುವುದು ಆಮೇಲೆ.

ಎಳೆಯ ನೊಣ ಮಕರಂದದ ಹನಿಯನ್ನು ನಾಲಿಗೆಯ ಮೇಲೆ ಹೊರಗೆ ತಂದು ತೆಳ್ಳಗೆ ಹರಡುತ್ತದೆ. ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಹರಡುತ್ತದೆ. ಹತ್ತಿಪ್ಪತ್ತು ನಿಮಿಷ ಇದೇ ಕೆಲಸ. ಬಿಸಿ ಕಾಫಿಯನ್ನು ಲೋಟ ಬಟ್ಟಲು ಹಿಡಿದು ಎತ್ತಿ ಎತ್ತಿ ಹೊಯ್ಯುತ್ತೇವಲ್ಲ, ಗಾಳಿಗೆ ಒಡ್ಡುವ ಉಪಾಯ ಅದೇ. ಆಮೇಲೆ ಆರು ಮೂಲೆಯ ಕೋಣೆಗಳಲ್ಲಿ ಚೂರು ಚೂರೇ ಇಡುತ್ತವೆ. ಒಂದೇ ಸಲ ತುಂಬಿಸಿದರೆ ಆರುವುದು ನಿಧಾನ ಅಂತ ಅವಕ್ಕೆ ಗೊತ್ತು. ಗೂಡಿನೊಳಗೆ 34–35 ಡಿಗ್ರಿ ಸೆಲ್ಸಿಯಸ್ ಶಾಖ. ಒಲೆ ಇಲ್ಲ, ಬೆಂಕಿ ಇಲ್ಲ, ಮೈಬಿಸಿ ಮತ್ತು ರೆಕ್ಕೆಯ ಗಾಳಿ ಅಷ್ಟೇ.

ಈ ಗಾಳಿ ಹಾಕುವುದನ್ನು ಅತ್ತೆ ಮನೆಯಲ್ಲೇ ನಾನು ಹತ್ತಿರದಿಂದ ನೋಡಿದ್ದು. ಹೂವಿನ ಕಾಲ, ಸಂಜೆ ಏಳರ ಹೊತ್ತು. ಪೆಟ್ಟಿಗೆಯ ಬಾಗಿಲ ಹಲಗೆ ಮೇಲೆ ಏಳೆಂಟು ತುಡುವೆ ನೊಣಗಳು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕಾಲೂರಿ ನಿಂತು ರೆಕ್ಕೆ ಬಡಿಯುತ್ತಿದ್ದವು. ಎಲ್ಲದರ ತಲೆಯೂ ಹೊರಗೆ, ನನ್ನ ಕಡೆಗೆ. ನಮ್ಮ ತುಡುವೆ ಹೀಗೆ ಹಿಂಭಾಗವನ್ನು ಬಾಗಿಲಿಗೆ ಮಾಡಿ ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ಹೊರದೇಶದಿಂದ ಬಂದ ಮೆಲ್ಲಿಫೆರ ಜೇನು ಉಲ್ಟಾ: ತಲೆಯನ್ನು ಬಾಗಿಲಿಗೆ ಮಾಡಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಪೆಟ್ಟಿಗೆಗೆ ಕಿವಿ ಇಟ್ಟೆ. ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡಿದ ಹಾಗೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಬಾಗಿಲಲ್ಲಿ ಬೆಲ್ಲ ಕರಗಿದ ಹಾಗೆ ಬೆಚ್ಚನೆ ವಾಸನೆ. ರಾತ್ರಿಯೂ ಹೀಗೇ ನಡೆಯುತ್ತದೆ, ಮಾವ ಅಂದರು.

ಎಷ್ಟು ನೀರು ಆರಿಸಬೇಕು ಅಂತ ಒಂದು ಲೆಕ್ಕ ಹಾಕೋಣ. ಒಂದು ಕಿಲೋ ಜೇನುತುಪ್ಪದಲ್ಲಿ ನೀರು 200 ಗ್ರಾಂ, ಉಳಿದ 800 ಗ್ರಾಂ ಹೆಚ್ಚುಕಮ್ಮಿ ಸಕ್ಕರೆ ಅಂತಿಟ್ಟುಕೊಳ್ಳಿ. ನೂರಕ್ಕೆ ಮೂವತ್ತು ಪಾಲು ಸಕ್ಕರೆ ಇರುವ ಮಕರಂದ ಸಿಕ್ಕಿದರೆ, ಸುಮಾರು 2.7 ಕಿಲೋ ತರಬೇಕು. ಅದರಲ್ಲಿ 1.7 ಕಿಲೋದಷ್ಟು ನೀರು ಗಾಳಿಗೆ ಹೋಗಬೇಕು. ಒಂದು ನೊಣ ಒಂದು ಸಲಕ್ಕೆ 40 ಮಿಲಿಗ್ರಾಂ ಹೊತ್ತು ತಂದರೂ 65 ಸಾವಿರಕ್ಕೂ ಜಾಸ್ತಿ ಓಡಾಟ. ಈ ಲೆಕ್ಕ ಮಾಡಿದ ದಿನದಿಂದ ನಾನು ಚಮಚಕ್ಕೆ ಅಂಟಿದ್ದನ್ನು ತೊಳೆಯುವುದಿಲ್ಲ, ನೆಕ್ಕುತ್ತೇನೆ.

ಆದರೆ ತುಪ್ಪದ ಹೋಲಿಕೆ ಇಲ್ಲಿಗೆ ಸಾಲದು. ಬರೀ ನೀರು ಆರಿಸಿದರೆ ಸಕ್ಕರೆ ಪಾಕ ಆಗುತ್ತದೆ, ಜೇನುತುಪ್ಪ ಆಗುವುದಿಲ್ಲ. ಬಾಯಿಂದ ಬಾಯಿಗೆ ದಾಟುವಾಗಲೆಲ್ಲ ನೊಣಗಳ ತಲೆಯಲ್ಲಿರುವ ಗ್ರಂಥಿಗಳ ರಸ ಅದಕ್ಕೆ ಸೇರುತ್ತದೆ. ಅದರಲ್ಲಿರುವ ಇನ್ವರ್ಟೇಸ್ ಅನ್ನುವ ಕಿಣ್ವ ಮಕರಂದದ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಇನ್ನೊಂದು ಕಿಣ್ವ ಗ್ಲೂಕೋಸಿನ ಒಂದಿಷ್ಟನ್ನು ಆಮ್ಲ ಮಾಡುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಜೇನುತುಪ್ಪ ಬಾಯಿಗೆ ಸಿಹಿ, ಸ್ವಭಾವದಲ್ಲಿ ಹುಳಿ. ನೀರು ಕಮ್ಮಿ, ಸಕ್ಕರೆ ಜಾಸ್ತಿ, ಮೇಲೆ ಆಮ್ಲ. ಇಂಥ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ.

ಬೆಳೆಯುವುದಿಲ್ಲ ಅಂದರೆ ಎಲ್ಲ ಸತ್ತುಹೋಗುತ್ತವೆ ಅಂತಲ್ಲ. ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಜೇನಿನಲ್ಲಿ ಸುಮ್ನೆ ಮಲಗಿರಬಹುದು. ದೊಡ್ಡವರ ಕರುಳಲ್ಲಿ ಅವುಗಳ ಆಟ ನಡೆಯುವುದಿಲ್ಲ, ಹಸುಗೂಸಿನ ಕರುಳಲ್ಲಿ ನಡೆಯಬಹುದು. ಹುಟ್ಟಿದ ಮಗುವಿನ ನಾಲಿಗೆಗೆ ತುಪ್ಪ, ಜೇನು ಮುಟ್ಟಿಸುವ ಶಾಸ್ತ್ರ ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಒಂದು ವರ್ಷ ತುಂಬುವ ತನಕ ಜೇನು ಬೇಡ ಅಂತ ವೈದ್ಯರು ಹೇಳುವುದು ಇದಕ್ಕೇ. ಅಜ್ಜಿಯಂದಿರು ಬೇಜಾರು ಮಾಡಿಕೊಂಡರೂ ಈ ವಿಷಯದಲ್ಲಿ ನಾನು ವೈದ್ಯರ ಕಡೆ.

ಹದಕ್ಕೆ ಬಂತು ಅಂತ ನೊಣಗಳಿಗೆ ಅನ್ನಿಸಿದಾಗ ಕೋಣೆಯ ಬಾಯಿಗೆ ತೆಳ್ಳನೆ ಮೇಣದ ಮುಚ್ಚಳ ಹಾಕುತ್ತವೆ. ಎರಿಯ ಬಹುಪಾಲು ಮುಚ್ಚಿದ ಮೇಲೆಯೇ ತುಪ್ಪ ತೆಗೆಯಬೇಕು ಅನ್ನುವುದು ಸಾಕುವವರ ಪಾಠ. ನಾನು ಅದನ್ನು ಕಲಿತದ್ದು ಕೆಡಿಸಿಕೊಂಡು. ಮೊದಲ ವರ್ಷ ಪೆಟ್ಟಿಗೆ ಇಟ್ಟಾಗ ಆಸೆ ತಡೆಯಲಿಲ್ಲ. ಅರ್ಧವೂ ಮುಚ್ಚದ ಎರಿಯನ್ನು ಎತ್ತಿದೆ. ಓರೆ ಮಾಡಿದರೆ ಹನಿ ಹನಿ ಚಿಮ್ಮಿತು, ಆಗಲೇ ತಿಳಿಯಬೇಕಿತ್ತು. ಬಾಟಲಿಗೆ ತುಂಬಿಸಿ ನೆಂಟರಿಗೂ ಹಂಚಿದೆ. ತಿಂಗಳಾದ ಮೇಲೆ ಮುಚ್ಚಳ ತೆರೆದರೆ ಬುಸ್ ಅಂತು, ಮೇಲೆ ನೊರೆ, ಸೇಂದಿಯ ವಾಸನೆ. ನೀರಿನಂಶ ನೂರಕ್ಕೆ 20 ಮೀರಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮೀರಿದರೆ ಯೀಸ್ಟ್ ಎದ್ದು ಕೂರುತ್ತದೆ. ಸರಿಯಾಗಿ ಕಾಯದ ಬೆಣ್ಣೆ ವಾಸನೆ ಬಂದ ಹಾಗೇ ಇದೂ.

ಇನ್ನೊಂದು ವಿಷಯದಲ್ಲೂ ಈ ಎರಡು ತುಪ್ಪಗಳಿಗೆ ಹೋಲಿಕೆ ಇದೆ. ಮನೆಯ ತುಪ್ಪ ಚಳಿಗೆ ಮರಳು ಮರಳಾಗಿ ಗಟ್ಟಿಯಾದರೆ ‘ಎಂಥ ತುಪ್ಪ ನೋಡಿ’ ಅಂತ ಹೆಮ್ಮೆಯಿಂದ ತೋರಿಸುತ್ತೇವೆ. ಜೇನುತುಪ್ಪ ಹಾಗಾದರೆ ಮಾತ್ರ ‘ಸಕ್ಕರೆ ಬೆರೆಸಿದ್ದಾರೆ’ ಅಂತ ಅಂಗಡಿಯವನ ಜೊತೆ ಜಗಳ! ಪಾಪ, ಅದು ಒಳಗಿರುವ ಗ್ಲೂಕೋಸ್ ಹರಳು ಕಟ್ಟಿದ್ದು. ಗ್ಲೂಕೋಸ್ ಹೆಚ್ಚಿರುವ ಸೂರ್ಯಕಾಂತಿ ಜೇನು ಬೇಗ ಹರಳಾಗುತ್ತದೆ, ಕೆಲವು ಕಾಡುಜೇನು ತಿಂಗಳುಗಟ್ಟಲೆ ಆಗುವುದಿಲ್ಲ. ನೀರಿಗೆ ಹನಿ ಬಿಟ್ಟು ನೋಡುವ, ಬೆಂಕಿ ಕಡ್ಡಿಗೆ ಹಚ್ಚಿ ನೋಡುವ ಪರೀಕ್ಷೆಗಳನ್ನೂ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ಅದರಲ್ಲಿ ಪಾಸಾಗುತ್ತದೆ.

ಹರಳಾದ ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಇಟ್ಟರೆ ಕರಗುತ್ತದೆ. ಅತ್ತೆ ಅದನ್ನೂ ಮಾಡುವುದಿಲ್ಲ. ಚಮಚದಲ್ಲಿ ಕೆರೆದು ಬಿಸಿ ತೆಳ್ಳೇವಿನ ಮೇಲೆ ಇಡುತ್ತಾರೆ, ಎರಡು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ಈಗ ಅವರು ‘ತುಪ್ಪ ಹಾಕ್ಲಾ?’ ಅಂದರೆ ನಾನು ಕೇಳುವುದು ‘ಯಾವ ತುಪ್ಪ?’ ಅಂತ ಅಲ್ಲ, ‘ಮೊದಲು ಯಾವುದು?’ ಅಂತ.