ಅಡುಗೆಮನೆ ಟೇಬಲ್ಲಿನ ಮೇಲೆ ಇಂಡಿಯಾ: ಒಂದು ಹೋಮ್‌ಸ್ಕೂಲ್ ಪದ್ಧತಿಯ ಹಿಂದಿನ ಕಥೆ

ಅಮೆರಿಕದ ಕ್ರೈಸ್ತ ಕುಟುಂಬಗಳ ಹೋಮ್‌ಸ್ಕೂಲಿಂಗ್ (ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದು) ಬಗ್ಗೆ ಮಾತು ಶುರುವಾದರೆ ಸಾಕು, ಅದು ಮೂರು ದಿಕ್ಕಿಗೆ ಎಳೆದಾಡುತ್ತದೆ. "ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ ಬೈಬಲ್ ಒಂದನ್ನೇ ಓದಿಸ್ತಾರೆ" ಅನ್ನುವವರು ಒಂದು ಕಡೆ. "ಆ ಮಕ್ಕಳು ಓದುವಷ್ಟು ಕಥೆಪುಸ್ತಕ ನಮ್ಮ ಮಕ್ಕಳು ಕಣ್ಣಲ್ಲೂ ನೋಡಿರಲ್ಲ" ಅನ್ನುವವರು ಇನ್ನೊಂದು ಕಡೆ. ಅಲ್ಲಿ ನೆಲೆಸಿರುವ ನಮ್ಮವರದ್ದು ಬೇರೆಯೇ ತಕರಾರು: "ಇಂಡಿಯಾ ಬಗ್ಗೆ ಆ ಪುಸ್ತಕಗಳಲ್ಲಿ ಏನಿದೆ ನೋಡಿದ್ದೀರಾ?" ನನ್ನ ಪ್ರಕಾರ ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಗಂಟು ಬಿಚ್ಚಬೇಕಾದರೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಪದ್ಧತಿ ಏನು ಅಂತ ನೋಡೋಣ. ಸಮಾಜ ವಿಜ್ಞಾನಕ್ಕೆ ಪಠ್ಯಪುಸ್ತಕ ಇರುವುದಿಲ್ಲ. ಅದರ ಬದಲು ಒಂದು ದೇಶವನ್ನು ಹಿಡಿದುಕೊಳ್ಳುತ್ತಾರೆ. ಮೂರು ವಾರವೋ ಎರಡು ತಿಂಗಳೋ, ಆ ದೇಶದ ಕಥೆ, ಕಾದಂಬರಿ, ಜೀವನಚರಿತ್ರೆಗಳನ್ನು ಅಮ್ಮ ಜೋರಾಗಿ ಓದುತ್ತಾಳೆ. ಗೋಡೆಯ ಮೇಲೆ ನಕ್ಷೆ, ಬಣ್ಣ ತುಂಬಲು ಬಾವುಟ, ಶುಕ್ರವಾರ ಆ ದೇಶದ ಅಡುಗೆ. ಜೊತೆಗೆ ಆ ದೇಶದ ಜನರಿಗಾಗಿ ಪ್ರಾರ್ಥನೆ. ಈ ಕೊನೆಯದ್ದು ಮರೆತರೆ ಉಳಿದದ್ದು ಯಾವುದೂ ಸರಿಯಾಗಿ ಅರ್ಥವಾಗಲ್ಲ.

ಈ ಪದ್ಧತಿ ಎರಡು ಅರ್ಧ ಸೇರಿ ಆದದ್ದು. ಪಠ್ಯಪುಸ್ತಕ ಬೇಡ ಅನ್ನುವ ಅರ್ಧ ಬಂದದ್ದು ಇಂಗ್ಲೆಂಡಿನಿಂದ. ಷಾರ್ಲೆಟ್ ಮೇಸನ್ ಅನ್ನುವ ಶಿಕ್ಷಕಿ 1886ರಲ್ಲಿ ಮನೆಪಾಠದ ಬಗ್ಗೆ ಒಂದು ಪುಸ್ತಕ ಬರೆದರು. 1892ರಲ್ಲಿ ಆಂಬಲ್‌ಸೈಡ್‌ನಲ್ಲಿ ತರಬೇತಿ ಶಾಲೆ ತೆರೆದರು. ಅವರು ಹೇಳಿದ್ದು ಸರಳ. ಮಕ್ಕಳಿಗೆ ಸಾರಾಂಶದ ಒಣ ಪುಸ್ತಕ ಕೊಡಬೇಡಿ, ವಿಷಯವನ್ನು ಪ್ರೀತಿಸಿ ಬರೆದವರ ಜೀವಂತ ಪುಸ್ತಕ ಕೊಡಿ. ಓದಿದ ಮೇಲೆ ಪ್ರಶ್ನೆಪತ್ರಿಕೆ ಬೇಡ, ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. (ನಮ್ಮ ಅಜ್ಜಿ ಕಥೆ ಮುಗಿಸಿ "ಎಲ್ಲಿ, ಈಗ ನೀನು ಹೇಳು" ಅನ್ನುತ್ತಿದ್ದಳಲ್ಲ, ಅದೇ.) ಭೂಗೋಳದ ಬಗ್ಗೆ ಮೇಸನ್ ಹೇಳಿದ ಮಾತು ಈ ಕಥೆಗೆ ಬೀಜ ಇದ್ದ ಹಾಗೆ: ಚಿಕ್ಕ ಮಗುವಿಗೆ ಎಲ್ಲಾ ದೇಶಗಳ ಹೆಸರಿನ ಪಟ್ಟಿ ಉರುಹೊಡೆಸಬೇಡಿ, ಯಾವುದಾದರೂ ಒಂದೇ ಪ್ರದೇಶವನ್ನು ಹತ್ತಿರದಿಂದ ತೋರಿಸಿ. ಅಲ್ಲಿನ ಜನ ದುಡಿಯುವುದು, ಆಡುವುದು, ಅಲ್ಲಿನ ಹೂವು, ಹಣ್ಣು, ಪ್ರಾಣಿ, ಎಲ್ಲಾ. ಒಬ್ಬ ಪ್ರಯಾಣಿಕನ ಬೆನ್ನು ಹತ್ತಿ ಮಗು ಅಲ್ಲಿಗೆ ಹೋಗಿಬರಲಿ. ಮಾತು ಚೆನ್ನಾಗಿದೆ. ಆದರೆ ಪ್ರಯಾಣಿಕ ಯಾರು ಅನ್ನುವ ಪ್ರಶ್ನೆ ಆಗ ಯಾರಿಗೂ ಬರಲಿಲ್ಲ.

ದೇಶ ದೇಶ ಸುತ್ತುವ ಇನ್ನೊಂದು ಅರ್ಧ ಬಂದದ್ದು ಮಿಷನರಿ ಮನೆಗಳಿಂದ. ದೂರ ದೇಶದಲ್ಲಿ ಕೆಲಸ, ಮಕ್ಕಳಿಗೆ ಶಾಲೆ ಎಲ್ಲಿ? ಇದು ನಮಗೂ ಹೊಸದಲ್ಲ. 1834ರಿಂದ ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್‌ನವರು ಚಿಕ್ಕ ಚಿಕ್ಕ ಮಕ್ಕಳನ್ನು ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ಎಷ್ಟೋ ವರ್ಷ ಅಪ್ಪ ಅಮ್ಮನ ಮುಖ ನೋಡಲು ಸಿಗುತ್ತಿರಲಿಲ್ಲ. ಆಮೇಲೆ ಬೆಟ್ಟದ ಮೇಲಿನ ಹಾಸ್ಟೆಲ್ ಶಾಲೆಗಳು ಬಂದವು. ಕೊಡೈಕನಾಲ್‌ನದ್ದು 1901ರಲ್ಲಿ ಶುರುವಾಯಿತು. ಇದಕ್ಕಿಂತ ಬೇರೆ ದಾರಿ ತೋರಿಸಿದ್ದು ಅಮೆರಿಕದ ಬಾಲ್ಟಿಮೋರ್‌ನ ಕಾಲ್ವರ್ಟ್ ಶಾಲೆ. 20ನೇ ಶತಮಾನದ ಮೊದಲ ದಶಕದಲ್ಲೇ ಅವರು ವರ್ಷದ ಪಾಠವನ್ನೆಲ್ಲ ಕಟ್ಟಿ ಅಂಚೆಯಲ್ಲಿ ಕಳಿಸತೊಡಗಿದರು. ದೂರದ ಊರಿನ ಮಿಷನರಿ ತಾಯಂದಿರು ಅದನ್ನು ಬಿಚ್ಚಿ ಊಟದ ಟೇಬಲ್ಲಿನ ಮೇಲೆ ಶಾಲೆ ನಡೆಸಿದರು. ಪಾಠ ಪೆಟ್ಟಿಗೆಯಲ್ಲಿ ಬರಬಹುದು ಅನ್ನುವ ಅಭ್ಯಾಸ ಅಲ್ಲಿಂದಲೇ ಬಂತು.

ಮುಂದಿನದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: 1962 ಮತ್ತು 63ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಯಲ್ಲಿ ಶಾಲೆಯೇ ನಡೆಸುವ ಪ್ರಾರ್ಥನೆ, ಬೈಬಲ್ ವಾಚನ ಕೂಡದು ಅಂದಿತು, ತುಂಬಾ ಕ್ರೈಸ್ತ ಪೋಷಕರಿಗೆ ಶಾಲೆಯ ಮೇಲೆ ಮನಸ್ಸು ಮುರಿಯಿತು, 70ರ ದಶಕದಲ್ಲಿ ಶಿಕ್ಷಣದ ಬಗ್ಗೆ ಬರೆಯುತ್ತಿದ್ದ ಎಡಪಂಥದ ಜಾನ್ ಹೋಲ್ಟ್ ಮತ್ತು ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ದಂಪತಿ ರೇಮಂಡ್ ಮತ್ತು ಡೊರೊತಿ ಮೂರ್ ಬೇರೆ ಬೇರೆ ಕಾರಣಕ್ಕೆ "ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳಿ" ಅಂದರು, 1983ರಲ್ಲಿ ಕೋರ್ಟಿನಲ್ಲಿ ಹೋರಾಡಲು ಪೋಷಕರ ಕಾನೂನು ಸಂಘವೇ ಹುಟ್ಟಿತು, 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್ ಕಾನೂನಿನ ಒಳಗೆ ಬಂತು.

ಮನೆಯಲ್ಲಿ ಕಲಿಸಲು ಅನುಮತಿ ಸಿಕ್ಕಿತು, ಸರಿ. ಕಲಿಸುವುದು ಏನನ್ನು? 70ರ ದಶಕದಿಂದ ಸಿಗುತ್ತಿದ್ದದ್ದು ಕ್ರೈಸ್ತ ಖಾಸಗಿ ಶಾಲೆಗಳಿಗೆ ಬರೆದ ಪಠ್ಯಪುಸ್ತಕ, ವರ್ಕ್‌ಬುಕ್. ಶಾಲೆಯಿಂದ ಓಡಿಬಂದವರ ಮನೆಗೆ ಶಾಲೆಯೇ ವಾಪಸ್ ಬಂದ ಹಾಗಿತ್ತು. ಅಷ್ಟರಲ್ಲಿ, 1984ರಲ್ಲಿ, ಸೂಸನ್ ಶೇಫರ್ ಮೆಕಾಲೆ ಷಾರ್ಲೆಟ್ ಮೇಸನ್ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಮರೆತೇಹೋಗಿದ್ದ ಆ ಶಿಕ್ಷಕಿಯ ಆರು ಸಂಪುಟಗಳು 1989ರಲ್ಲಿ ಅಮೆರಿಕದಲ್ಲಿ ಮರುಮುದ್ರಣವಾದವು. 1990ರಲ್ಲಿ ಜಾನ್ ಮತ್ತು ಸರಿತಾ ಹೋಲ್ಟ್ಸ್‌ಮನ್ ಸನ್‌ಲೈಟ್ ಅನ್ನುವ, ಮನೆಪಾಠದ ಪುಸ್ತಕ ಕಳಿಸುವ ಸಂಸ್ಥೆ ಶುರುಮಾಡಿದರು. ಅವರ ಮೊದಲ ಗಿರಾಕಿಗಳು ವಿದೇಶದಲ್ಲಿದ್ದ ಮಿಷನರಿ ಕುಟುಂಬಗಳು. ನೋಡಿ, ಎರಡೂ ಅರ್ಧಗಳು ಇಲ್ಲಿ ಸೇರಿದವು: ಮೇಸನ್ ಅವರ ಕಥೆಪುಸ್ತಕ, ಮಿಷನರಿಗಳ ಪೆಟ್ಟಿಗೆ.

ನನಗೆ ಚೆನ್ನಾಗಿ ಗೊತ್ತಿರುವ ಕಾಲ ಇದು, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಆ ಪೆಟ್ಟಿಗೆ ಮನೆಗೆ ಬಂದ ದಿನ ಅಂದರೆ ಹಬ್ಬ. ಮಕ್ಕಳು ಟೇಪ್ ಕಿತ್ತು ಪುಸ್ತಕಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಮ್ಮನಿಗೆ ಒಂದು ದಪ್ಪ ಫೈಲ್, ಯಾವ ದಿನ ಯಾವ ಪುಸ್ತಕದ ಎಷ್ಟನೇ ಪುಟ ಅಂತ ಮನೆ ಲೆಕ್ಕ ಬರೆದ ಹಾಗೆ ಬರೆದಿರುತ್ತಿತ್ತು. ಬೇರೆಯವರೂ ಇದೇ ದಾರಿ ಹಿಡಿದರು. 1994ರಲ್ಲಿ ಬಂದ ಒಂದು ಕಾರ್ಯಕ್ರಮದಲ್ಲಿ ಒಂದೇ ಚಿತ್ರಪುಸ್ತಕವನ್ನು ವಾರಕ್ಕೆ ಐದು ದಿನ ಓದುವುದು. ಮೊದಲ ಪುಸ್ತಕವೇ ಯಾಂಗ್‌ಟ್ಸಿ ನದಿಯ ಒಂದು ಬಾತುಕೋಳಿಯದ್ದು. ಸೋಮವಾರ ಚೀನಾದ ನಕ್ಷೆ, ಮಂಗಳವಾರ ಚಿತ್ರದ ಬಣ್ಣ, ಬುಧವಾರ ಬಾತುಕೋಳಿ ಯಾಕೆ ನೀರಿನಲ್ಲಿ ಮುಳುಗಲ್ಲ, ಹೀಗೆ ಒಂದು ಬಾತುಕೋಳಿಯ ಹಿಂದೆ ಇಡೀ ಸಿಲಬಸ್. ಇದನ್ನು ಮೆಚ್ಚದೆ ಇರಲು ನನಗಂತೂ ಆಗಲ್ಲ. ಗೈಡ್ ಓದಿ ಪಾಸಾದ ನಮ್ಮಂಥವರಿಗೆ ಹೊಟ್ಟೆಕಿಚ್ಚೇ ಬರಬೇಕು. ಆದರೆ ಆ ಬಾತುಕೋಳಿಯ ಕಥೆ 1933ರದ್ದು, ಬರೆದವರು ಅಮೆರಿಕದವರು. ಚೀನಾದವರು ಚೀನಾದ ಮಕ್ಕಳಿಗೆ ಬರೆದ ಕಥೆ ಇಂಗ್ಲಿಷಿನಲ್ಲಿ ಆಗ ಎಷ್ಟು ಸಿಗುತ್ತಿತ್ತು ಅಂತ ಕೇಳಬಹುದು. ಕೇಳಬೇಕಾದದ್ದೇ. ಅಂಗಡಿಯಲ್ಲಿ ಇರುವ ಸಾಮಾನಿನಲ್ಲೇ ಅಡುಗೆ ಆಗಬೇಕಲ್ವಾ.

ಇಂಡಿಯಾ ವಿಷಯದಲ್ಲಿ ಅಂಗಡಿ ಇನ್ನೂ ಚಿಕ್ಕದು. ಕಿಪ್ಲಿಂಗ್ ಕಾಡಿನ ಕಥೆ ಬಿಟ್ಟರೆ ಕೈಗೆ ಸಿಗುತ್ತಿದ್ದದ್ದು ಮಿಷನರಿ ಜೀವನಚರಿತ್ರೆ. ಮುಖ್ಯವಾಗಿ ಇಬ್ಬರು: ವಿಲಿಯಂ ಕೇರಿ, ಏಮಿ ಕಾರ್ಮೈಕಲ್.

ಏಮಿ ಕಾರ್ಮೈಕಲ್ ಐರ್ಲೆಂಡಿನವರು. 1895ರಲ್ಲಿ ಬಂದಿಳಿದದ್ದು ನಮ್ಮ ಬೆಂಗಳೂರಿಗೆ. ಆಮೇಲೆ ತಮಿಳುನಾಡಿನ ತಿರುನೆಲ್ವೇಲಿ ಕಡೆಯ ಡೋನಾವೂರಿನಲ್ಲಿ ನೆಲೆಸಿ, ದೇವಸ್ಥಾನಕ್ಕೆ ಬಿಡಲಿದ್ದ ಹೆಣ್ಣುಮಕ್ಕಳನ್ನು ತಂದು ಸಾಕಿದರು. 1951ರಲ್ಲಿ ಅಲ್ಲೇ ತೀರಿಕೊಂಡರು. ಮಕ್ಕಳ ಪುಸ್ತಕಗಳಲ್ಲಿ ಅವರ ಕಥೆ ಹೀಗೆ ಬರುತ್ತದೆ: ಚಿಕ್ಕವಳಿದ್ದಾಗ ನೀಲಿ ಕಣ್ಣು ಕೊಡು ಅಂತ ದೇವರನ್ನು ಬೇಡಿದಳು, ಬೆಳಗ್ಗೆ ಎದ್ದು ಕನ್ನಡಿ ನೋಡಿದರೆ ಅದೇ ಕಂದು ಕಣ್ಣು. ದೊಡ್ಡವಳಾದ ಮೇಲೆ ಸೀರೆ ಉಟ್ಟು, ಮೈಗೆ ಕಾಫಿ ಬಳಿದುಕೊಂಡು ದೇವಸ್ಥಾನದ ಬೀದಿಗಳಲ್ಲಿ ಓಡಾಡುವಾಗ ಆ ಕಂದು ಕಣ್ಣೇ ಕಾಪಾಡಿತು. ಎಂಟು ವರ್ಷದ ಮಗು ಇದನ್ನು ಮರೆಯುತ್ತಾ? ಸಾಧ್ಯವೇ ಇಲ್ಲ.

ಮರೆಯಲಾಗದ ಕಥೆ ಅನ್ನುವುದೇ ಇಲ್ಲಿನ ತೊಡಕು. ಅದೇ ಮದ್ರಾಸ್ ಪ್ರಾಂತ್ಯದಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ, ತಾಯಿಯ ಕಡೆಯಿಂದ ದೇವದಾಸಿ ಸಮುದಾಯದ ನಂಟಿದ್ದವರು, 1927ರಲ್ಲಿ ಶಾಸನಸಭೆಯಲ್ಲಿ ಎದ್ದು ನಿಂತು ದೇವದಾಸಿ ಪದ್ಧತಿ ನಿಲ್ಲಿಸಿ ಅಂದರು. ಕಾನೂನು ಬಂದದ್ದು 1947ರಲ್ಲಿ. ಅಡುಗೆಮನೆ ಟೇಬಲ್ಲಿನ ಆ ಸಾಲಿನಲ್ಲಿ ಅವರ ಪುಸ್ತಕ ಇಲ್ಲ. ಹಾಗಾಗಿ ಮಗುವಿನ ತಲೆಯಲ್ಲಿ ಉಳಿಯುವ ಚಿತ್ರದಲ್ಲಿ ತೊಂದರೆ ಕೊಡುವವರೆಲ್ಲ ಒಳಗಿನವರು, ಬಿಡಿಸುವವಳು ಹೊರಗಿನವಳು. ಯಾರೂ ಸುಳ್ಳು ಬರೆದಿಲ್ಲ. ಡೋನಾವೂರಿನಲ್ಲಿ ನಡೆದದ್ದು ನಡೆದದ್ದೇ. ಆದರೆ ಕಥೆಯ ಅರ್ಧ ಮಾತ್ರ ಪೆಟ್ಟಿಗೆಯಲ್ಲಿ ಹಿಡಿಸಿತು.

ಕೇರಿ ವಿಷಯದಲ್ಲೂ ಹಾಗೇ. 1793ರಲ್ಲಿ ಬಂಗಾಳಕ್ಕೆ ಬಂದ ಈ ಚಮ್ಮಾರ ನಮಗೆ ಗೊತ್ತಿರುವುದು ಬೇರೆ ಕಾರಣಕ್ಕೆ: 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣ ಅವರದ್ದು. ನಮ್ಮಲ್ಲಿ ಮಿಷನರಿ ಅಂದರೆ ನೆನಪಾಗುವುದು ಇಂಥದ್ದೇ, ಮೊಗ್ಲಿಂಗ್ ಅವರ 1843ರ ಪತ್ರಿಕೆ, ಕಿಟೆಲ್ ಅವರ 1894ರ ನಿಘಂಟು. ಆ ಪೆಟ್ಟಿಗೆಯ ಪುಸ್ತಕದಲ್ಲಿ ಕೇರಿ ಕಲಿಸಲು ಬಂದವನು, ನಮ್ಮ ನೆನಪಿನಲ್ಲಿ ಪಂಡಿತರ ಪಕ್ಕ ಕೂತು ಕಲಿತವನು. ಒಬ್ಬನೇ ಮನುಷ್ಯ.

ಇನ್ನೂ ಬೇಜಾರಿನ ವಿಷಯ ಅಂದರೆ ಪಂಡಿತಾ ರಮಾಬಾಯಿ. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಸಂಸ್ಕೃತ ಕಲಿತು, ಕ್ರೈಸ್ತರಾಗಿ, ಪುಣೆಯ ಹತ್ತಿರ ವಿಧವೆಯರಿಗೆ ಆಶ್ರಯ ಕಟ್ಟಿ, ಬೈಬಲನ್ನು ಮೂಲದಿಂದಲೇ ಮರಾಠಿಗೆ ತಂದವರು. ಈ ಪದ್ಧತಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿರುವ ಜೀವನ. ಆದರೂ ನಾನು ನೋಡಿದ ಪಟ್ಟಿಗಳಲ್ಲಿ ಏಮಿ ಖಾಯಂ, ರಮಾಬಾಯಿ ಅಪರೂಪದ ಅತಿಥಿ.

2000ದ ನಂತರ ಈ ಕುಟುಂಬಗಳ ಒಳಗೇ ಜಗಳ ಜಾಸ್ತಿಯಾಯಿತು. ಜಗಳ ದೇಶಗಳ ಬಗ್ಗೆ ಅಲ್ಲ, ಭೂಮಿಯ ವಯಸ್ಸಿನ ಬಗ್ಗೆ. ಆರು ಸಾವಿರ ವರ್ಷವೋ, ಕೋಟಿಗಟ್ಟಲೆ ವರ್ಷವೋ, ಎರಡೂ ಕಡೆಯ ಪುಸ್ತಕ ಇಟ್ಟವರು ಯಾರಿಗೂ ಬೇಡವಾದರು. ಆಮೇಲೆ ಕೋವಿಡ್ ಬಂತು. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ ಶಾಲೆ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೋಮ್‌ಸ್ಕೂಲ್ ಮಾಡುವವರು 2020ರ ಏಪ್ರಿಲ್-ಮೇ ಹೊತ್ತಿಗೆ 5.4% ಇದ್ದದ್ದು ಕೆಲವೇ ತಿಂಗಳಲ್ಲಿ 11.1% ಆಯಿತು. ಹೊಸಬರಲ್ಲಿ ಎಲ್ಲಾ ಬಣ್ಣದವರೂ, ಎಲ್ಲಾ ಧರ್ಮದವರೂ ಇದ್ದರು. ಹಳೇ ಪಟ್ಟಿಗಳನ್ನು ಅವರು ಹೊಸ ಕಣ್ಣಲ್ಲಿ ಓದಿದರು. ಈಗಿನ ಗದ್ದಲಕ್ಕೆ ಅದೂ ಒಂದು ಕಾರಣ.

ಇತ್ತ ನಮ್ಮಲ್ಲಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಹೋಮ್‌ಸ್ಕೂಲಿಂಗ್ ಬಗ್ಗೆ ಬೇಡ ಅಂತಲೂ ಹೇಳಲಿಲ್ಲ, ಸರಿ ಅಂತಲೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲೇ ಕಲಿಸುವ ಕ್ರೈಸ್ತ ಕುಟುಂಬಗಳಲ್ಲಿ ಕೆಲವರು ಇದೇ ಅಮೆರಿಕದ ಪಟ್ಟಿ ಹಿಡಿಯುತ್ತಾರೆ, ಹತ್ತನೇ ತರಗತಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಪರೀಕ್ಷೆ ಕಟ್ಟಿಸುತ್ತಾರೆ. ಬೆಂಗಳೂರಿನ ಮಗು ಇಂಡಿಯಾ ಅಂದರೇನು ಅಂತ ಅಮೆರಿಕ ಸುತ್ತಿಕೊಂಡು ತಿಳಿಯುವುದು ಹೀಗೆ.

ಅಮೆರಿಕದಲ್ಲಿ ಇದ್ದಾಗ ಪಕ್ಕದ ಮನೆಯಲ್ಲಿ ಇಂಡಿಯಾ ಪಾಠ ನಡೆಯುತ್ತಿತ್ತು. ಚಪಾತಿ ಮಾಡಿ ತೋರಿಸಿ ಅಂತ ಆ ಮನೆಯ ತಾಯಿ ಕರೆದರು. ಒಳ್ಳೆ ಜನ, ನಾಲ್ಕು ಮಕ್ಕಳು, ಟೇಬಲ್ಲಿನ ತುಂಬಾ ಹಿಟ್ಟು. ಎರಡನೆಯ ಹುಡುಗಿ ಚಪಾತಿ ಲಟ್ಟಿಸುತ್ತಲೇ ಏಮಿ ಕಥೆಯನ್ನು ಕಂದು ಕಣ್ಣಿನಿಂದ ಹಿಡಿದು ಕಾಫಿವರೆಗೆ ಒಂದಕ್ಷರ ತಪ್ಪದೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮನ್ನು ಯಾರು ಬಿಡಿಸಿದರು?" ಅಂದಳು. ನನ್ನನ್ನು ಯಾರೂ ಬಿಡಿಸಲಿಲ್ಲಮ್ಮ, ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು ಅಂದೆ. ಅವಳ ತಾಯಿ ಕೆಂಪಾದರು. ಹುಡುಗಿಗೆ ಅದೂ ಒಂದು ಕಥೆಯಾಗಿ ಕಂಡಿರಬೇಕು, ಮೇಷ್ಟ್ರು ಯಾವ ಊರಿನವರು ಅಂತ ಕೇಳಿದಳು. ಹಾಸನ ಅಂದೆ. ಗೋಡೆಯ ನಕ್ಷೆಯಲ್ಲಿ ಹಾಸನ ಇರಲಿಲ್ಲ. ಮೈಸೂರಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು, ಹಿಟ್ಟಿನ ಬೆರಳಿನಲ್ಲೇ ಸ್ಪೆಲ್ಲಿಂಗ್ ಕೇಳಿ ಬರೆದಳು. ಮುಂದಿನ ಸೋಮವಾರ ಹೋದಾಗ ಆ ನಕ್ಷೆ ಇಳಿದಿತ್ತು, ಅಲ್ಲಿ ಕೀನ್ಯಾ ಅಂಟಿಸಿದ್ದರು.