ಆಂಪ್ಲಿಫೈಯರ್ ಕಾದ ಮೇಲೆ ಬದಲಾಗುವುದೇನು?

ಹಾಕಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟರೆ ಆಂಪ್ಲಿಫೈಯರಿನ ದನಿ ಚೆನ್ನಾಗುತ್ತದೆ ಎನ್ನುವವರು ಬಹಳ. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರೇಡಿಯೊ ಇದ್ದ ಮನೆಗಳಲ್ಲಿ ಬೆಳೆದವರಿಗೆ ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾಯುವುದು ಹೊಸದೇನಲ್ಲ. ವಾಲ್ವಿನೊಳಗಿನ ಕ್ಯಾಥೋಡ್ ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯದ ಹೊರತು ಸಾಕಷ್ಟು ಎಲೆಕ್ಟ್ರಾನುಗಳನ್ನು ಹೊರಸೂಸುವುದಿಲ್ಲವಾದ್ದರಿಂದ ಅಲ್ಲಿ ದನಿ ಹುಟ್ಟುವುದೇ ಬಿಸಿಯಿಂದ. ದನಿ ಬಂದ ಮೇಲೂ ಒಳಗಿನ ಲೋಹದ ಭಾಗಗಳ ತಾಪ ಒಂದು ನೆಲೆಗೆ ಬರಲು ಇಪ್ಪತ್ತು, ಮೂವತ್ತು ನಿಮಿಷ ಹಿಡಿಯುತ್ತದೆ. ಸ್ಪೀಕರಿಗೆ ಶಕ್ತಿ ಕೊಡುವ ಇಎಲ್34ರಂತಹ ಔಟ್‌ಪುಟ್ ವಾಲ್ವುಗಳ ಬಯಾಸ್ (ಹಾಡು ಇಲ್ಲದಾಗಲೂ ಹರಿಯುವ ಕರೆಂಟನ್ನು ನಿರ್ಧರಿಸುವ ವೋಲ್ಟೇಜ್) ಹೊಂದಿಸುವಾಗ ನಾವು ಅಷ್ಟು ಹೊತ್ತು ಬಿಟ್ಟು ಮೀಟರ್ ನೋಡುವುದು ಇದೇ ಕಾರಣಕ್ಕೆ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ವಿಷಯ ಇನ್ನೂ ಸೂಕ್ಷ್ಮ. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ಎಂಬ ತುದಿಗಳ ನಡುವಿನ ಸುಮಾರು 0.6 ವೋಲ್ಟ್, ತಾಪ ಒಂದು ಡಿಗ್ರಿ ಏರಿದಾಗಲೆಲ್ಲ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ; ಅಂದರೆ ಅದೇ ವೋಲ್ಟೇಜಿಗೆ ಕಾದ ಟ್ರಾನ್ಸಿಸ್ಟರಿನಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ ಕ್ಲಾಸ್ ಎಬಿ ಆಂಪ್ಲಿಫೈಯರ್‌ನಲ್ಲಿ ತರಂಗದ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಡಿಸ್ಟಾರ್ಷನ್ (ತರಂಗದ ವಿಕೃತಿ) ತಲೆದೋರದಿರಲು ಎರಡರಲ್ಲೂ ಸದಾ ಸ್ವಲ್ಪ ಕರೆಂಟ್ ಹರಿಯುತ್ತಿರಬೇಕು. ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕಿಗೆ ಕೂಡಿಸಿದ ಮತ್ತೊಂದು ಟ್ರಾನ್ಸಿಸ್ಟರ್ ಬಿಸಿಯನ್ನು ಗ್ರಹಿಸಿ ಈ ಕರೆಂಟನ್ನು ಹದದಲ್ಲಿಡುತ್ತದೆ, ಆದರೆ ಆ ದಪ್ಪ ಅಲ್ಯೂಮಿನಿಯಂ ಕಾಯುವುದು ನಿಧಾನ. ಹೊಂದಾಣಿಕೆ ತಪ್ಪಿದ ಯಂತ್ರದಲ್ಲಿ ಮೊದಲ ನಿಮಿಷಗಳ ಕರೆಂಟ್ ಕಡಿಮೆಯಿದ್ದರೆ, ತಂಬೂರಿಯ ನಾದ ಕ್ಷೀಣಿಸುವಂತಹ ಮೆಲುದನಿಯ ಎಡೆಗಳಲ್ಲಿ ಸಣ್ಣ ಒರಟುತನ ಕೇಳಿಸೀತು. (ಮೊದಲು ಹೆಚ್ಚಿದ್ದು ಆಮೇಲೆ ಇಳಿಯುವುದೂ ಉಂಟು.) ಒಳ್ಳೆಯ ವಿನ್ಯಾಸದಲ್ಲಿ ಈ ವ್ಯತ್ಯಾಸ ಮೀಟರಿಗೆ ಸಿಕ್ಕರೂ ಕಿವಿಗೆ ಸಿಗುವುದು ಅನುಮಾನ.

ಸ್ಪೀಕರಿನಲ್ಲಂತೂ ಬಿಸಿ ಉಪಕಾರಿಯೇನಲ್ಲ. ಸ್ಪೀಕರಿನ ಕೋನನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲಿನ ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುವುದರಿಂದ, ಜೋರಾಗಿ ನುಡಿಸಿ ಕಾಯಿಲ್ 100 ಡಿಗ್ರಿ ಹೆಚ್ಚು ಕಾದಾಗ ದನಿ ಕುಗ್ಗುತ್ತದೆ. ಚಳಿಯಲ್ಲಿ ಬಿಗಿದುಕೊಂಡ ಕೋನಿನ ರಬ್ಬರ್ ಅಂಚು ಕೊಂಚ ಸಡಿಲಗೊಳ್ಳುವುದು ನಿಜ; ಮಡಿಕೇರಿಯ ಡಿಸೆಂಬರ್ ಬೆಳಗಿಗೆ ಅದು ಅನ್ವಯಿಸಬಹುದು, ರಾಯಚೂರಿನ ಮೇ ತಿಂಗಳಿಗಲ್ಲ.

ಹೀಗಿದ್ದರೂ ತಣ್ಣಗೇ ಕೆಲಸ ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಇಟ್ಟುಕೊಂಡವರೂ ಗಂಟೆ ಕಳೆದ ಮೇಲೆ ದನಿ ಚೆನ್ನಾಯಿತೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಹದಕ್ಕೆ ಬಂದದ್ದು ಕಿವಿ. ಕೇಳುತ್ತ ಕೇಳುತ್ತ ನಾವು ಆ ಕೋಣೆಯ ದನಿಗೆ ಒಗ್ಗುತ್ತೇವೆ, ಗೊತ್ತಾಗದಂತೆ ವಾಲ್ಯೂಮನ್ನೂ ಏರಿಸಿರುತ್ತೇವೆ. ಒಂದು ಡೆಸಿಬೆಲ್‌ಗಿಂತ ಕಡಿಮೆಯ ಏರಿಕೆ ಜೋರಾಯಿತೆಂದು ಅನ್ನಿಸದೆ ಸ್ಪಷ್ಟವಾಯಿತೆಂದು ಅನ್ನಿಸುತ್ತದೆ. ಪರೀಕ್ಷಿಸಬೇಕೆನ್ನುವವರು ಮೈಕ್ ಕದಲಿಸದೆ, ವಾಲ್ಯೂಮ್ ಮುಟ್ಟದೆ ಒಂದೇ ಹಾಡಿನ ತುಣುಕನ್ನು ಆಂಪ್ಲಿಫೈಯರ್ ಚಾಲೂ ಮಾಡಿದ ಕೂಡಲೇ ಒಮ್ಮೆ, ಗಂಟೆಯ ನಂತರ ಒಮ್ಮೆ ರೆಕಾರ್ಡ್ ಮಾಡಿ, ಎರಡರ ಮಟ್ಟವನ್ನೂ ಸಮಗೊಳಿಸಿ, ಯಾವುದು ಯಾವುದೆಂದು ಹೇಳದೆ ನುಡಿಸಲು ಇನ್ನೊಬ್ಬರನ್ನು ಕೇಳಬೇಕು.

ವಾಲ್ವ್ ಯಂತ್ರಕ್ಕೆ ಅರ್ಧ ಗಂಟೆ, ಕ್ಲಾಸ್ ಎಬಿಗೆ ಹದಿನೈದು ನಿಮಿಷ ಕೊಟ್ಟರೆ ಸಾಕೆಂದು ನಾನು ಹೇಳುತ್ತೇನೆ. ರಾತ್ರಿಯಿಡೀ ಹಾಕಿಡುವುದರಿಂದ ವಾಲ್ವಿನ ಆಯುಷ್ಯ ಸುಮ್ಮನೆ ಸವೆಯುತ್ತದೆ. ಹಾಡಿಲ್ಲದಾಗಲೂ ಪೂರ್ಣ ಕರೆಂಟ್ ಹರಿಸುತ್ತ 200 ವ್ಯಾಟ್ ಎಳೆಯುವ ಕ್ಲಾಸ್ ಎ ಆಂಪ್ಲಿಫೈಯರ್ ಆದರೆ ಎಂಟು ಗಂಟೆಗೆ 1.6 ಯೂನಿಟ್ ವಿದ್ಯುತ್ತೂ ಬಿಲ್ಲಿಗೆ ಸೇರುತ್ತದೆ.